ಸಾಹೇಬನ ಒಪ್ಪಿಗೆ

ಬಟ್ಟೆ ಒಗೆಯುವ ಅಂಗಡಿಯ ಅಕ್ಕ ಈವರೆಗೆ ಮಡಚಿದ ಬೆಡ್‌ಶೀಟುಗಳನ್ನೆಲ್ಲ ಬಿಚ್ಚಿ ಹಾಸಿದರೆ ಚಂದ್ರನಿಗೆ ಹೊದಿಸಿ, ಮಿಕ್ಕಿದ್ದರಲ್ಲಿ ಅವನ ದಿಂಬಿಗೊಂದು ಕವರು ಹೊಲಿಸಬಹುದಿತ್ತು. ಆಕೆ ಆಕಳಿಸಿದರೆ ಎದುರಂಗಡಿಯವನು ಗಿರಾಕಿಯ ಮುಂದೆಯೇ ತೂಕಡಿಸುತ್ತಿದ್ದ. ಅಂಥ ದಣಿವು, ಅದೂ ಹಳೆಯದು.

ಮಡಚುವಾಗ ಇನ್ನೊಂದು ತುದಿಯಲ್ಲಿ ತಮ್ಮ. ನಲವತ್ತು ದಾಟಿದ್ದರೂ ಬುದ್ಧಿ ಎಳವೆಯಲ್ಲೇ ಉಳಿದುಬಿಟ್ಟಿತ್ತು. ಅಂಗಡಿಗೆ ಬಂದವರನ್ನೆಲ್ಲ ನಿಲ್ಲಿಸಿ ವಿಚಾರಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ‘ಸಾಹೇಬ’. ಏನು ಕೇಳಿದರೂ ‘ಹೂಂ’ ಅನ್ನುತ್ತಿದ್ದ. ಆ ಹೂಂಗೆ ಕವಡೆ ಕಿಮ್ಮತ್ತಿರಲಿಲ್ಲ. ನಿಜಕ್ಕೂ ಒಪ್ಪಿದರೆ ಬಟ್ಟೆಯ ತುದಿ ಹಿಡಿದು ಅಕ್ಕನ ಕಡೆ ನಡೆದುಬರುತ್ತಿದ್ದ. ಒಪ್ಪದಿದ್ದರೆ ಆನೆ ಕಟ್ಟಿ ಎಳೆದರೂ ಅಲ್ಲೇ. ಇದು ಅಕ್ಕನೊಬ್ಬಳಿಗೇ ಗೊತ್ತು.

ಅಕ್ಕನ ಮಗಳು ಬಸುರಿ. ಸಾಹೇಬನ ರಕ್ತ ಸಿಕ್ಕರೆ ಅವನ ಜೀನಿನಲ್ಲಿ ಎಲ್ಲಿ ಎಡವಟ್ಟಾಗಿದೆಯೆಂದು ತಿಳಿಯುತ್ತದೆ, ಆಮೇಲೆ ಹೊಟ್ಟೆಯ ಮಗುವಿನಲ್ಲೂ ಅದನ್ನೇ ಹುಡುಕಬಹುದು ಎಂದಿದ್ದರು ಡಾಕ್ಟರು.

“ಬಸ್ಸಲ್ಲಿ ಕಿಟಕಿ ಸೀಟು ಅಂದ್ರೆ ಮಾವ ಓಡೋಡಿ ಬರ್ತಾನೆ. ಹಾಗೇ ಆಸ್ಪತ್ರೆಗೆ ಕರ್ಕೊಂಡು ಬಾಮ್ಮ,” ಅಂದಳು ಮಗಳು.

“ಮಗೂಗೂ ಅದೇ ಇದ್ರೆ ಏನ್ ಮಾಡ್ತೀಯೇ?”

“ಇಟ್ಕೊಳ್ಳಲ್ಲ.” ಮಗಳು ತಲೆ ತಗ್ಗಿಸಿದಳು. “ಮಾವ ಅಂದ್ರೆ ನಂಗೆ ಪ್ರಾಣ. ಆದ್ರೆ ನೀನು ಸುಸ್ತಾಗೋದನ್ನ ನೋಡ್ಕೊಂಡೇ ಬೆಳೆದೋಳು ನಾನು.”

ಎಲ್ಲಿಯ ಸುಸ್ತು ಅನ್ನಲು ಅಕ್ಕ ಬಾಯಿ ತೆರೆದಳು, ಬಂದದ್ದು ಆಕಳಿಕೆ.

ಮರುದಿನ ಕಿಟಕಿ ಸೀಟಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ದೊಡ್ಡದೊಂದು ಬೆಡ್‌ಶೀಟಿನ ತುದಿಗಳನ್ನು ತಮ್ಮನ ಕೈಗಿತ್ತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಪಾಪು ನಿನ್ ಥರ ಇದ್ಯಾ ಅಂತ ನೋಡೋಕೆ ನಿನ್ ರಕ್ತ ಬೇಕಂತೆ ಕಣೋ.”

“ಹೂಂ. ನನ್ ಥರ ಇದ್ರೆ?”

“ಬೇಡ ಅಂತಾರೆ.”

“ಹೂಂ,” ಅಂದ ಸಾಹೇಬ. ನಡೆದುಬರಲಿಲ್ಲ.

“ಬಾರೋ ಮಾರಾಯ, ತೋಳು ನೋಯ್ತಿದೆ.”

ಬರಲಿಲ್ಲ. ಇಬ್ಬರೂ ನಿಂತೇ ಇದ್ದರು. ಅಷ್ಟು ಹೊತ್ತಿನಲ್ಲಿ ಹೊಸ ಬಟ್ಟೆಯೊಂದು ಹಳತಾಗಿ, ಹರಿದು, ಒರೆಸುವ ಬಟ್ಟೆಯೂ ಆಗುತ್ತಿತ್ತು. ಕೊನೆಗೆ ಅಕ್ಕನ ಕೈಯೇ ಸೋತಿತು.

ಸಂಜೆ ಮಗಳ ಫೋನು. “ಒಪ್ಪಿದ್ನಾ?”

“ಇಲ್ಲ.”

“ಹೂಂ ಅಂದಿರ್ತಾನಲ್ಲಮ್ಮ! ಅವನಿಗೇನ್ ಗೊತ್ತಾಗುತ್ತೆ?”

“ಹೂಂ ಅಂದ, ಒಪ್ಲಿಲ್ಲ. ನಿನ್ ಹೊಟ್ಟೆ ವಿಚಾರ ನಿಂದು, ಡಾಕ್ಟ್ರು ಬೇರೆ ದಾರಿ ಇದ್ರೆ ನೋಡ್ಲಿ. ಇವನ ರಕ್ತ ನಾನು ಕದಿಯಲ್ಲ ಕಣೇ.”

ಆ ಕಡೆ ಮಗಳು ಅಳತೊಡಗಿದಳು. ಫೋನಿಡಲು ಮನಸ್ಸು ಬರಲಿಲ್ಲ. ಅಕ್ಕ ಅದನ್ನು ಕಿವಿಗೊತ್ತಿಕೊಂಡೇ ಕೂತಳು.