ಕೋಲ್ಕತ್ತಾ ಟಿಕೆಟ್ ಇಳಿದ ದಿನ

ಟಿಕೆಟಿನ ದರ ಇಳಿದಿತ್ತು, ಅತ್ತಿ. ಒಮ್ಮೆಯಲ್ಲ, ಎರಡು ಸಲ. ಇಳಿದಿಲ್ಲ ಎಂದು ನಿಮಗೆ ಸುಳ್ಳು ಹೇಳಿದವಳು ನಾನು.

ಎದುರಿಗೇ ಹೇಳಬೇಕೆಂದು ಎಷ್ಟು ಸಲ ನಿಮ್ಮ ಕೋಣೆಯ ತನಕ ಬಂದಿದ್ದೇನೆ — ಬಂದು, ಒಣಗಿದ ಬಟ್ಟೆ ಮಡಚಿಟ್ಟು ಹಾಗೇ ತಿರುಗಿ ಹೋಗಿದ್ದೇನೆ. 'ಏನವಾ?' ಎನ್ನುತ್ತೀರಿ. 'ಏನಿಲ್ರಿ' ಎನ್ನುತ್ತೇನೆ. ಆಫೀಸಿನಲ್ಲಿ ಬಾಯಿಬಡಕಿ ಎಂದು ಹೆಸರಾದವಳು ನಾನು, ಇಲ್ಲಿ ಮಾತ್ರ ನಾಲಿಗೆ ಹೊರಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಶ್ರಾವಣದಲ್ಲಿ ಕೋಲ್ಕತ್ತಾದಿಂದ ನಿಮ್ಮ ಅಕ್ಕ ಫೋನ್ ಮಾಡಿದ್ದರು. ಎರಡೂ ಕಣ್ಣಿನ ನರ ಸೊರಗುತ್ತಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಎಂದು ಡಾಕ್ಟರು ಹೇಳಿದ್ದರಂತೆ. ವಿಡಿಯೋ ಕಾಲಿನಲ್ಲಿ ನಿಮ್ಮ ಮುಖ ಅವರಿಗೆ ಬರೀ ಮಬ್ಬು. 'ಕಿಟಕಿ ಕಡೆ ಹತ್ತಿರ ಕುಂತರ ಇನ್ನೂ ಕಾಣತದ. ಒಮ್ಮೆ ಬಂದು ಹೋಗ ಶಾಂತಾ. ನಿನ್ನ ಮಾರಿ ಒಂದ ನೋಡಿಬಿಡತೀನಿ' ಎಂದರು. ನೀವು ಸ್ಪೀಕರ್ ಹಾಕಿದ್ದಿರಿ, ನಾನೂ ಕೇಳಿಸಿಕೊಂಡೆ.

ನಿಮ್ಮ ಮೊಣಕಾಲಿಗೆ ಒಂದೂವರೆ ದಿನದ ರೈಲು ಆಗದ ಮಾತು, ವಿಮಾನವೇ ಗತಿ. ವಿಮಾನದ ಟಿಕೆಟ್ ಎಂದರೆ ನಮ್ಮ ಬಳಗಕ್ಕೆಲ್ಲ ನಾನೇ. ನಿಗಡಿಯ ಕಾಕಾ ಕೂಡ ಯಾವಾಗ ಬುಕ್ ಮಾಡಲಿ ಎಂದು ನನ್ನನ್ನು ಕೇಳದೆ ಹೆಜ್ಜೆ ಇಡುವುದಿಲ್ಲ. ವಾರದ ನಡುವೆ ನೋಡ್ರಿ, ಹಬ್ಬದ ದಿನ ಬಿಡ್ರಿ, ತೀರ ಅವಸರ ಬ್ಯಾಡ್ರಿ — ಹೀಗೆ ದೊಡ್ಡ ಪಂಡಿತೆಯಂತೆ ಹೇಳುತ್ತೇನೆ. ಅದರಲ್ಲಿ ಅರ್ಧ ಅಂದಾಜು. ಸರಿಬಿದ್ದದ್ದನ್ನು ಎಲ್ಲರೂ ನೆನಪಿಟ್ಟುಕೊಂಡರು. ತಪ್ಪಿದ್ದನ್ನು ನಾನು ಯಾರಿಗೂ ನೆನಪಿಸಲಿಲ್ಲ.

ನಿಮ್ಮ ಮಗ 'ಎಷ್ಟರ ಇರಲಿ, ತಗೊಂಡಬಿಡು' ಎಂದಿದ್ದರು. ಹದಿನೈದು ದಿನ ತಡೆದರೆ ಇಳಿಯುತ್ತದೆ ಎಂದೆ ನಾನು. ಆಗ ನನ್ನ ಮನಸ್ಸಿನಲ್ಲಿ ಮೋಸವಿರಲಿಲ್ಲ — ಇರಲಿಲ್ಲ ಅಂತಲೇ ಅಂದುಕೊಂಡಿದ್ದೇನೆ. ನೀವೂ ನನ್ನ ಕಡೆಗೇ ನಿಂತಿರಿ. 'ಸುಮ್ನ ರೊಕ್ಕಾ ಯಾಕ ಸುಡತೀ? ವಿದ್ಯಾಗ ಇದೆಲ್ಲಾ ಭಾಳ ತಿಳೀತದ. ಆಕಿ ಹೂಂ ಅಂದ ದಿನಾ ಹೊಂಟರಾತು.'

ಅಂದಿನಿಂದ ದಿನಾ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ಬಂದವರೇ ಕೇಳುತ್ತಿದ್ದಿರಿ: 'ಇವತ್ತರ ಇಳದಾವೇನವಾ?'

ಇಳಿದದ್ದು ಒಂದು ಬುಧವಾರ. ಕೂಸು ಅನಘಾಗೆ ಅನ್ನ ಕಲಸುತ್ತಿದ್ದೆ, ಫೋನ್ ಟಿಣ್ ಎಂದಿತು. ದರ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ಒಲೆಯ ಮುಂದಿದ್ದ ನೀವು ತಿರುಗಿ, 'ಟಿಕೆಟಿಂದೇನ?' ಎಂದಿರಿ.

'ಅಲ್ರಿ ಅತ್ತಿ, ಆಫೀಸಿಂದು.'

ಹಿಂದಿನ ದಿನವಷ್ಟೇ ಹಿಂಜವಾಡಿಯ ಆಫೀಸಿನಲ್ಲಿ ಹೊಸ ಪ್ರಾಜೆಕ್ಟನ್ನು ನನ್ನ ಕೈಗೆ ಕೊಟ್ಟಿದ್ದರು. ದೀಪಾವಳಿ ತನಕ ದಿನಾ ಬರಬೇಕು ಎಂದಿದ್ದರು. ನಮ್ಮ ವಾಕಡದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಯಾವ ಪಾಳಣಾಘರದಲ್ಲೂ ಒಂದೂವರೆ ವರ್ಷದ ಕೂಸಿಗೆ ಜಾಗ ಸಿಕ್ಕಿರಲಿಲ್ಲ. ನೀವು ಹೋದರೆ ತಿಂಗಳು ಇದ್ದೇ ಬರುತ್ತೀರಿ. ಇರಬೇಕಾದದ್ದೇ, ನಾಲ್ಕು ವರ್ಷದ ಮೇಲೆ ಅಕ್ಕನನ್ನು ನೋಡುವುದು. ಆದರೆ ನನಗೆ… ಥೂ, ಇದನ್ನು ಬರೆಯುವಾಗಲೂ ನನ್ನ ಕೈ ನನ್ನ ಪರವಾಗಿಯೇ ಓಡುತ್ತದೆ.

ನೇರವಾಗಿ ಕೇಳಬಹುದಿತ್ತು. ನನಗೆ ಕೂಸಿನ ಚಿಂತೆ ಹತ್ತಿದೆ ಎಂದಿದ್ದರೆ ನೀವು ಏನಾದರೂ ದಾರಿ ಹುಡುಕುತ್ತಿದ್ದಿರಿ. ಎಂಟು ದಿನಕ್ಕೆ ಹೋಗಿ ಬರುತ್ತಿದ್ದಿರೋ, ಬೇಡ ಎಂದು ಇಲ್ಲೇ ಕೂರುತ್ತಿದ್ದಿರೋ — ಯಾವುದಾದರೂ ಅದು ನಿಮ್ಮ ನಿರ್ಧಾರ ಆಗಿರುತ್ತಿತ್ತು. ಕೇಳಿ ನಿಮ್ಮ ಹಂಗಿಗೆ ಬೀಳುವುದು ನನಗೆ ಬೇಕಿರಲಿಲ್ಲ. ತಪ್ಪನ್ನು ಇಳಿಯದ ದರದ ಮೇಲೆ ಹಾಕಿದರೆ ಯಾರೂ ಕೆಟ್ಟವರಾಗುವುದಿಲ್ಲ ಎಂದುಕೊಂಡೆ.

ಗಣಪತಿ ಹಬ್ಬ ಮುಗಿದ ಮೇಲೆ ಎರಡನೆಯ ಸಲ ಇಳಿಯಿತು. ಆವತ್ತು ಆ ಟಿಣ್ ಶಬ್ದವನ್ನೇ ನಿಲ್ಲಿಸಿಬಿಟ್ಟೆ. ಆಮೇಲೆ ನೀವು ಕೇಳಿದಾಗೆಲ್ಲ ಫೋನ್ ನೋಡಿದಂತೆ ಮಾಡಿ 'ಇಲ್ರಿ' ಎನ್ನುವುದೇ ರೂಢಿಯಾಯಿತು.

ಅಕ್ಕನಿಗೆಂದು ನೀವು ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿಡುತ್ತಿದ್ದಿರಿ. ಹದಿನೈದು ದಿನ ಕಾದು, ಇನ್ನು ಕೆಡುತ್ತವೆ ಎಂದು ನಮಗೇ ಕೊಟ್ಟು, ಮತ್ತೆ ಹೊಸದಾಗಿ ಮಾಡುತ್ತಿದ್ದಿರಿ. ಮೂರು ಸಲ ಹೀಗಾಯಿತು. ಎರಡನೆಯ ಸಲದ್ದನ್ನು ನಾನು ಆಫೀಸಿಗೆ ಒಯ್ದು ಹಂಚಿದೆ. ಎಲ್ಲರೂ ಹೊಗಳಿದರು. ನಾನೂ ಎರಡು ತಿಂದೆ, ಅತ್ತಿ.

ದೀಪಾವಳಿ ಮುಗಿಯಿತು, ನನ್ನ ಪ್ರಾಜೆಕ್ಟೂ ಮುಗಿಯಿತು. ರಜೆ ಹಾಕಿ, ದರ ಎಷ್ಟಿದೆ ಎಂದು ನೋಡದೆ ಟಿಕೆಟ್ ತೆಗೆದೆ. ಕೂಸನ್ನು ಎತ್ತಿಕೊಂಡು ನಾನೇ ನಿಮ್ಮ ಜೊತೆ ಬಂದೆ.

ಕೋಲ್ಕತ್ತಾದ ಆ ಮನೆಯಲ್ಲಿ ಅಕ್ಕ ಕಿಟಕಿಯ ಹತ್ತಿರ ಎರಡು ಕುರ್ಚಿ ಹಾಕಿಸಿ ಇಟ್ಟಿದ್ದರು. ನಿಮ್ಮನ್ನು ಬಿಸಿಲಿಗೆ ಕೂರಿಸಿ ಮುಖದ ಹತ್ತಿರ ಮುಖ ತಂದರು. ಆ ಕಡೆ ಈ ಕಡೆ ತಲೆ ಹೊರಳಿಸಿ ನೋಡಿದರು. ಆಮೇಲೆ ಸುಮ್ಮನೆ ಕೈ ಎತ್ತಿ ನಿಮ್ಮ ಹಣೆ, ಗಲ್ಲ, ಮೂಗುಬಟ್ಟು ಸವರಿದರು.

'ಸೊರಗೀಯಲ್ಲ ಶಾಂತಾ. ದಸರಾ ತನಕಾ ಇಷ್ಟಿಷ್ಟ ಕಾಣತಿತ್ತು ನೋಡ.'

ನೀವು ಅವರ ಕೈ ಹಿಡಿದುಕೊಂಡು ಹೇಳಿದಿರಿ: 'ಏನ ಮಾಡೂದಕ್ಕಾ, ರೇಟ ಇಳೀಲೇ ಇಲ್ಲ. ಪಾಪ, ನಮ್ಮ ವಿದ್ಯಾ ದಿನಾ ನೋಡತಿದ್ಲು.'

ಅಕ್ಕ ನಾನಿದ್ದ ಕಡೆಗೆ ಅಂದಾಜಿನಿಂದ ತಿರುಗಿ, 'ಒಳ್ಳೇ ಹುಡುಗಿ' ಎಂದರು. ನಾನು ಹೋಳಿಗೆಯ ಡಬ್ಬಿ ಹಿಡಿದು ನಿಂತಿದ್ದೆ.

ಕಾದಿದ್ದು ನನಗಾಗಿ ಎಂದು ನಿಮಗಿನ್ನೂ ಗೊತ್ತಿಲ್ಲ. ಇವತ್ತಿಗೂ ಊರಿಗೆ ಹೊರಟವರಿಗೆಲ್ಲ 'ನಮ್ಮ ವಿದ್ಯಾನ್ನ ಕೇಳ್ರಿ' ಎಂದು ಹೆಮ್ಮೆಯಿಂದ ಹೇಳುತ್ತೀರಿ. ನನಗೆ ಎದ್ದು ಎಲ್ಲಿಗಾದರೂ ಓಡಿಹೋಗಬೇಕೆನಿಸುತ್ತದೆ.

ಇದನ್ನು ನಿಮ್ಮ ಚಾಳೀಸಿನ ಹತ್ತಿರ ಇಟ್ಟಿರುತ್ತೇನೆ. ಓದಿ ಬೈಯಿರಿ, ಮಾತು ಬಿಡಿ, ನಿಮಗೆ ತಿಳಿದಂತೆ ಮಾಡಿ. ಕ್ಷಮಿಸಿ ಎಂದು ಕೇಳುವ ಧೈರ್ಯ ನನಗಿಲ್ಲ. ಆದರೆ ಅಕ್ಕನ ಮುಂದೆ ನೀವು ತಿಳಿಯದೆ ಆಡಿದ ಆ ಸುಳ್ಳು ನನ್ನದು. ಅದನ್ನು ಅವರಿಗೆ ನಾನೇ ಹೇಳಬೇಕು. ಭಾನುವಾರ ಅವರ ಫೋನ್ ಬರುತ್ತದೆ. ಯಾವಾಗಲೂ ಕೇಳುವಂತೆ 'ಇವತ್ತ ಯಾವ ಸೀರಿ ಉಟ್ಟೀ ಶಾಂತಾ?' ಎಂದು ಕೇಳುತ್ತಾರೆ. ನೀವು ಬಣ್ಣ, ಅಂಚು, ಸೆರಗು ಎಲ್ಲ ಹೇಳಿ ಮುಗಿಸಿ. ಆಮೇಲೆ ಫೋನ್ ನನ್ನ ಕೈಗೆ ಕೊಡಿ.