ಬಲೂನಿಗೆ ಎಡಗಲ್ಲ ಇರಲಿಲ್ಲ

ಗೆಳೆಯರೇ, ಇವತ್ತು ಖಾನಾಪುರದಲ್ಲಿ ನನ್ನ ಹೆಂಡತಿಯ ತಂಗಿಯ ನಿಶ್ಚಿತಾರ್ಥ. ಹೊರಡುವ ಹೊತ್ತಿಗೆ ನನ್ನ ಅರ್ಧ ಮುಖಕ್ಕೆ ಮಾತ್ರ ಗಡ್ಡವಿತ್ತು.

ಅಜ್ಜನ ಕ್ಷೌರದ ಕತ್ತಿಯಿಂದ ಬೋಳಿಸಲು ಕಲಿಯಬೇಕೆಂದು ಬಲೂನಿಗೆ ಸೋಪಿನ ನೊರೆ ಹಚ್ಚಿ ಕೆರೆಯುತ್ತಿದ್ದೆ. ನಿನ್ನೆಯ ಬಲೂನು ಒಡೆಯಲಿಲ್ಲ. ಆ ಧೈರ್ಯದ ಮೇಲೆ ಇವತ್ತು ಕತ್ತಿಯನ್ನು ಮುಖಕ್ಕೇ ಇಟ್ಟೆ. ಬಲಗಲ್ಲ ನನ್ನ ಕಣ್ಣಿಗೆ ಚೆನ್ನಾಗಿಯೇ ಬಂತು. ಎಡಗಲ್ಲಕ್ಕೆ ಹೋದರೆ ನನ್ನ ಮೊಣಕೈಯೇ ಕನ್ನಡಿಗೆ ಅಡ್ಡ ನಿಂತಿತು. ಬಲೂನನ್ನಾದರೆ ತಿರುಗಿಸಿಕೊಳ್ಳುತ್ತಿದ್ದೆ, ಮುಖ ತಿರುಗಿಸಿದರೆ ಕನ್ನಡಿಯೇ ಕಾಣದು. ಎಡಗೈಗೆ ಕತ್ತಿ ಕೊಟ್ಟೆ, ಅದಕ್ಕೆ ಹಿಡಿಯಲೇ ಬರಲಿಲ್ಲ. ನಮ್ಮೂರು ಕಾಕತಿಯ ಸಲೂನುಗಳಿಗೆ ಇವತ್ತೇ ವಾರದ ರಜೆ.

"ಬೀಗರ ಮುಂದ ಹಿಂಗ ಬರ್ತೀರೇನು? ಕುಂದರ್ರಿ ಸುಮ್ಮನ," ಎಂದು ಹೆಂಡತಿ ಕತ್ತಿ ಕಸಿದುಕೊಂಡಳು. ಅವಳು ಎಡಚಿ. ಹಿಂದೆ ನಿಂತು, ನನ್ನ ತಲೆ ಹಿಡಿದು, ಎಡಗಲ್ಲವನ್ನು ಸಲೀಸಾಗಿ ಬೋಳಿಸಿದಳು. ಕತ್ತಿ ಗಂಟಲಿಗೆ ಬಂದಾಗ ಕೈ ನಿಲ್ಲಿಸಿ ಕೇಳಿದಳು:

"ಮಂದಿ ಮುಂದ ಎಡಗೈಲೆ ಬಡಸಬ್ಯಾಡ ಅಂತೀರಲ್ಲ, ಇವತ್ತ ಬಡಸ್ಲೇನು?"

ತಲೆಯಾಡಿಸುವ ಹಾಗೂ ಇರಲಿಲ್ಲ. ಗಂಟಲು ಅಲುಗದಂತೆ "ಹ್ಞೂಂ" ಎಂದೆ.

ಖಾನಾಪುರದಲ್ಲಿ ಅವಳು ಹೋಳಿಗೆಯನ್ನು ಎಡಗೈಯಲ್ಲೇ ಬಡಿಸಿದಳು. ಮಾವ ನನ್ನ ಮುಖವನ್ನೇ ದಿಟ್ಟಿಸಿ, "ಅಳಿಯಂದ್ರ, ಎಡಗಲ್ಲ ಭಾಳ ಚಲೋ ಆಗೇತಿ. ಬಲಗಲ್ಲ ಮಾಡಿದಾಂವ ಹೊಸಬ ಏನ್ರಿ?" ಎಂದರು.

"ಹೌದ್ರಿ ಮಾವಾರ," ಎಂದೆ, "ಪಾಪ, ಇನ್ನೂ ಬಲೂನಿನ ಮ್ಯಾಲ ಕಲ್ಯಾಕತ್ತಾನ."