ಸಕ್ಕರೆ ಹೊತ್ತ ಇರುವೆ

ಕೆಲಸದ ಜಾಗದಲ್ಲಿ ಅವನನ್ನು ಎಲ್ಲರೂ ಹದ್ದಣ್ಣ ಎನ್ನುತ್ತಿದ್ದರು. ಕಟ್ಟುತ್ತಿರುವ ಕಟ್ಟಡದ ನೆತ್ತಿಗಿಂತ ಎತ್ತರದಲ್ಲಿ, ಟವರ್ ಕ್ರೇನಿನ ಗಾಜಿನ ಗೂಡಿನೊಳಗೆ ಕೂತು ಅವನು ಕಬ್ಬಿಣದ ಸರಳಿನ ಕಟ್ಟನ್ನು ಇಳಿಸಿದರೆ, ಅದು ಕೆಳಗೆ ಹಾಸಿದ ಮರದ ತುಂಡುಗಳ ಮೇಲೆ ಸದ್ದಿಲ್ಲದೆ ಬಂದು ಕೂರುತ್ತಿತ್ತು. ಬೇರೆಯವರು ಇಳಿಸಿದರೆ ಧಡ್ ಎನ್ನುತ್ತಿತ್ತು. ಮನೆಯಲ್ಲಿ ಮಾತ್ರ ಆ ಹೆಸರಿಗೆ ಕಿಮ್ಮತ್ತಿರಲಿಲ್ಲ. ‘ಕಣ್ಣೆದುರಿಗೆ ಇರೋ ಬಾಚಣಿಗೆ ಕಾಣಲ್ಲ, ಇವರು ಹದ್ದಂತೆ’ ಎಂದು ಹೆಂಡತಿ ಮದುವೆಯಾದಾಗಿನಿಂದ ಹೇಳಿಕೊಂಡು ಬಂದಿದ್ದಳು. ಎಲ್ಲ ಗಂಡಂದಿರ ಮೇಲೂ ಇರುವ ದೂರು ಅದು. ಅದಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಕೆಳಗೆ ನಿಂತು ಅವನಿಗೆ ಸನ್ನೆ ಮಾಡುವವನು ಹೆಂಡತಿಯ ತಮ್ಮ. ಎತ್ತು, ನಿಲ್ಲಿಸು, ತಿರುಗಿಸು, ಚೂರೇ ಚೂರು ಇಳಿಸು, ಎಲ್ಲವನ್ನೂ ಕೈಯಲ್ಲೇ ಹೇಳುತ್ತಿದ್ದ. ವಾಕಿಟಾಕಿ ಸೊಂಟದಲ್ಲಿ ನೇತಾಡುತ್ತಿದ್ದರೂ ಭಾಮೈದನಿಗೆ ಅದರ ಮೇಲೆ ನಂಬಿಕೆ ಕಡಿಮೆ. ‘ಬ್ಯಾಟರಿ ಕೈಕೊಡಬಹುದು ಭಾವ, ಕೈ ಕೈಕೊಡಲ್ಲ’ ಎಂಬುದು ಅವನ ಸವಕಲು ಜೋಕು. ಹೊರೆ ನೆಲ ಮುಟ್ಟುವ ಮುಂಚೆ ಅದರ ಪಕ್ಕಕ್ಕೆ ಹೋಗಿ ಕೈಯಿಂದ ಒಂದಿಷ್ಟು ತಿರುಗಿಸಿ ಕೂರಿಸುವುದು ಅವನದೇ ಕೆಲಸ. ಆ ಗಳಿಗೆಯಲ್ಲಿ ಅವನ ಜೀವ ಮೇಲೆ ಕೂತವನ ಕಣ್ಣಲ್ಲಿರುತ್ತಿತ್ತು. ಇಬ್ಬರೂ ಇದನ್ನು ಬಾಯಿಬಿಟ್ಟು ಆಡಿದವರಲ್ಲ, ಆಡಬೇಕಾದ ಮಾತೂ ಅಲ್ಲ.

ಇರುವೆಯ ಆಟವನ್ನು ಮನೆಗೆ ತಂದವಳು ಮಗಳು. ಕಾಲೇಜಿನಲ್ಲಿ ಚಿತ್ರಕಲೆ ಓದುತ್ತಿದ್ದ ಹುಡುಗಿ. ಅವಳಿಗೆ ಚಿಕ್ಕ ಚಿಕ್ಕ ವಿಡಿಯೋ ಗೇಮುಗಳ ಹುಚ್ಚು. ದೊಡ್ಡ ಆಟಗಳೆಂದರೆ ಮೂಗು ಮುರಿಯುತ್ತಿದ್ದಳು.

‘ಅದನ್ನ ಆಡೋಕೆ ಊಟ ನಿದ್ದೆ ಬಿಟ್ಟು ಕೂರ್ಬೇಕಪ್ಪ. ಮುಗೀತು ಅಂದ್ರೆ ಮತ್ತೆ ಮುಟ್ಟೋಕೂ ಮನಸ್ಸು ಬರಲ್ಲ. ಚಿಕ್ಕದು ಹಾಗಲ್ಲ. ಟೀ ಆರೋದ್ರೊಳಗೆ ಮುಗಿಯುತ್ತೆ. ಮುಗಿದ ತಕ್ಷಣ ಇನ್ನೊಂದ್ಸಲ ಅನ್ಸುತ್ತೆ.’

ಅವಳ ಟ್ಯಾಬಿನ ತುಂಬ ಅಂಥವೇ. ಅಂಗಿಯ ಗುಂಡಿಯೊಂದನ್ನು ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿಸಿಕೊಂಡು ಹೋಗುವುದು, ಗಾಳಿ ಬೀಸುವುದರೊಳಗೆ ತಂತಿಯ ಮೇಲೆ ಬಟ್ಟೆ ಹರವುವುದು. ಹದ್ದಣ್ಣನಿಗೆ ಹಿಡಿಸಿದ್ದು ಇರುವೆ. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಇರುವೆ ಸಕ್ಕರೆಯ ಹರಳನ್ನು ಹೊತ್ತು ಈ ತುದಿಯಿಂದ ಆ ತುದಿಯ ಗೂಡಿಗೆ ಓಡುತ್ತದೆ. ಎಡ ಹೆಬ್ಬೆರಳು ಒತ್ತಿದರೆ ಎಡಕ್ಕೆ, ಬಲ ಹೆಬ್ಬೆರಳು ಒತ್ತಿದರೆ ಬಲಕ್ಕೆ. ಅತ್ತ ಕಡೆಯಿಂದ ನಲ್ಲಿಯ ಹನಿ, ಇತ್ತ ಕಡೆಯಿಂದ ಒರೆಸುವ ಬಟ್ಟೆ, ಉರುಳುವ ಚಮಚ, ಗೋಡೆಯಿಂದ ನಾಲಿಗೆ ಚಾಚುವ ಹಲ್ಲಿ. ಗೂಡು ಸೇರಿದರೆ ಪುಟ್ಟ ಗಂಟೆಯೊಂದು ಟಿಣಿಟಿಣಿ ಎನ್ನುತ್ತದೆ, ಅಷ್ಟೇ ಆಟ. ಮೊದಮೊದಲು ಹೇಗಾದರೂ ಸೇರಿದರೆ ಸಾಕು ಎನಿಸುತ್ತದೆ. ಆಮೇಲೆ ಎಲ್ಲೂ ನಿಲ್ಲದೆ ಸೇರಬೇಕು ಎನಿಸುತ್ತದೆ. ಅದಾದ ಮೇಲೆ ದಾರಿಯಲ್ಲಿ ಬಿದ್ದ ಬ್ರೆಡ್ಡಿನ ಚೂರುಗಳನ್ನೂ ಬಿಡಬಾರದು ಎಂಬ ಆಸೆ. ಹೊರೆ ಹೊತ್ತುಕೊಂಡು ಯಾರಿಗೂ ತಾಗಿಸದೆ ಜಾಗಕ್ಕೆ ಮುಟ್ಟಿಸುವುದು ಹದ್ದಣ್ಣನ ಅನ್ನದ ದಾರಿ. ಆಟದಲ್ಲೂ ಅದೇ ಸಿಕ್ಕಿತೆಂದು ಅವನಿಗೆ ಖುಷಿ. ‘ನನ್ನ ಕೆಲಸಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ ಕಣೇ, ಇದಕ್ಕೆ ಹೆಲ್ಮೆಟ್ ಇಲ್ಲ ಅಷ್ಟೆ’ ಎಂದು ಮಗಳನ್ನು ನಗಿಸುತ್ತಿದ್ದ.

ಆ ನಗುವಿನ ಕಾಲ ಬಹಳ ದಿನ ಉಳಿಯಲಿಲ್ಲ. ತಲೆನೋವೆಂದು ಕಣ್ಣಿನ ಆಸ್ಪತ್ರೆಗೆ ಹೋದವನನ್ನು ಡಾಕ್ಟರು ಒಂದು ಬಟ್ಟಲಿನಂಥ ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಅವನು ಕಂಡಾಗಲೆಲ್ಲ ಒತ್ತಿದ. ಎಲ್ಲವೂ ಸರಿಯಾಗಿಯೇ ಕಂಡಿತೆಂದುಕೊಂಡು ಎದ್ದು ಬಂದ. ಡಾಕ್ಟರು ಮಾತ್ರ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ನರ ಸೊರಗಿದೆ ಎಂದರು. ನೇರ ನೋಟ ಚೆನ್ನಾಗಿದೆ, ಪಕ್ಕದ ನೋಟ ಹೋಗುತ್ತಿದೆ, ಎಡಗಡೆ ಆಗಲೇ ಬಹಳ ಹೋಗಿದೆ ಎಂದರು.

‘ನಂಗೆ ಕಪ್ಪಗೆ ಏನೂ ಕಾಣ್ತಿಲ್ವಲ್ಲ ಡಾಕ್ಟ್ರೇ?’

‘ಕಪ್ಪಗೆ ಕಾಣಲ್ಲ. ಅಲ್ಲಿ ಏನೋ ಇದೆ ಅನ್ನೋದೇ ಗೊತ್ತಾಗಲ್ಲ. ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸಿಕೊಳ್ಳೋಕೆ ನೋಡೋಣ. ನೀವು ಏನು ಕೆಲಸ ಮಾಡ್ತೀರಿ?’

‘ಗೋದಾಮು ನೋಡ್ಕೋತೀನಿ’ ಎಂದು ಬಾಯಿಗೆ ಬಂತು. ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಬಿಸಿ ತಾಗಿದಾಗ ಕೈ ಹಿಂದಕ್ಕೆ ಬರುವುದಿಲ್ಲವೇ, ಹಾಗೆ ಬಂದದ್ದು.

ಅಲ್ಲಿಂದ ಶುರುವಾಯಿತು ಅವನ ಬಚ್ಚಿಡುವ ಬಾಳು. ಕಣ್ಣಿಗೆ ಬಿಡುವ ಔಷಧಿ ಸಿಮೆಂಟಿನ ಧೂಳಿಗೆ ಎಂದು ಹೆಂಡತಿಗೆ ಹೇಳಿದ. ಕಂಪನಿಯವರು ವರ್ಷಕ್ಕೊಮ್ಮೆ ಮಾಡುವ ತಪಾಸಣೆಯಲ್ಲಿ ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರೆ, ಅದನ್ನು ಅವನು ಕೊನೆಯ ಸಾಲಿನವರೆಗೂ ಗಿಳಿಯ ಹಾಗೆ ಓದಿದ. ಕುರುಡನಾಗುತ್ತೇನೆ ಎಂಬ ಭಯಕ್ಕಿಂತ ಕೆಳಗಿಳಿಯಬೇಕಾಗುತ್ತದೆ ಎಂಬ ಭಯ ಅವನಿಗೆ ದೊಡ್ಡದಾಗಿತ್ತು. ಮೀಸೆ ಕಪ್ಪಗಿದ್ದಾಗ ಕ್ರೇನಿನ ಏಣಿ ಹತ್ತಿದವನು. ಮೇಲೆ ಅವನು ಹದ್ದು. ಕೆಳಗೆ ಬಂದರೆ, ಕುಳ್ಳಗೆ, ಕಾಲು ಎಳೆಯುತ್ತ ನಡೆಯುವ, ಬಸ್ಸಿನಲ್ಲಿ ಯಾರೂ ಸರಿದು ಜಾಗ ಕೊಡದ ಒಬ್ಬ ಮನುಷ್ಯ.

ಆದರೂ ಅವನು ಕಟುಕನಲ್ಲ. ಕೆಳಗೆ ಭಾಮೈದ ನಿಂತಿರುತ್ತಾನೆ ಎಂಬುದು ಅವನ ಎದೆಯನ್ನು ಕೊರೆಯುತ್ತಲೇ ಇತ್ತು. ಅದಕ್ಕೇ ತನಗೆ ತಾನೇ ಒಂದು ಪರೀಕ್ಷೆ ಇಟ್ಟುಕೊಂಡ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮಗಳ ಟ್ಯಾಬಿನಲ್ಲಿ ಇರುವೆಯ ಆಟ ಆಡುವುದು. ಎಡದ ಹನಿ, ಎಡದ ಹಲ್ಲಿ ಎಲ್ಲವನ್ನೂ ತಪ್ಪಿಸಿಕೊಂಡು ಇರುವೆ ಗೂಡು ಸೇರಿದರೆ ಅವತ್ತಿಗೆ ಕಣ್ಣು ಸರಿಯಿದೆ ಎಂದರ್ಥ. ಸೇರದಿದ್ದರೆ ಅವತ್ತು ರಜೆ. ರಜೆ ಹಾಕುವ ಪ್ರಸಂಗ ಮಾತ್ರ ಬರಲಿಲ್ಲ, ಏಕೆಂದರೆ ಒಂದು ಸಲ ಸೇರದಿದ್ದರೆ ಸೇರುವವರೆಗೂ ಆಡುತ್ತಿದ್ದ. ಪ್ರಶ್ನೆಯೂ ಅವನದೇ, ಉತ್ತರವೂ ಅವನದೇ, ಅಂಕ ಹಾಕುವವನೂ ಅವನೇ. ದಿನ ಕಳೆದಂತೆ ಮೊದಲ ಸಲಕ್ಕೇ ಸೇರತೊಡಗಿತು. ಔಷಧಿ ಕೆಲಸ ಮಾಡುತ್ತಿದೆ ಎಂದುಕೊಂಡ. ಡಾಕ್ಟರು ಹೆದರಿಸಿದ್ದೇ ಹೆಚ್ಚಾಯಿತು ಎಂದೂ ಅಂದುಕೊಂಡ.

ಒಂದು ದಿನ ಕಿಟಕಿ ಚೌಕಟ್ಟುಗಳ ಕಟ್ಟನ್ನು ತಿರುಗಿಸುವಾಗ ಅದು ಎಡಗಡೆ ಕಬ್ಬಿಣದ ಕೊಳವೆಗಳಲ್ಲಿ ಕಟ್ಟಿದ್ದ ಸಾರುವೆಗೆ ತಾಗಿತು. ಒಂದು ಕೊಳವೆ ಕಳಚಿ ಭಾಮೈದ ನಿಂತಿದ್ದಲ್ಲಿಗೇ ಬಿತ್ತು. ಅವನು ಆಗಲೇ ಹಾರಿ ಪಕ್ಕಕ್ಕೆ ಸರಿದಿದ್ದ. ವಾಕಿಟಾಕಿಯಲ್ಲಿ ಏದುಸಿರು ಬಿಡುತ್ತ, ‘ಗಾಳಿ ಭಾವ, ಗಾಳಿ’ ಎಂದ. ‘ಹೌದು, ಗಾಳಿ’ ಎಂದ ಹದ್ದಣ್ಣ. ಅವತ್ತು ಒದ್ದೆ ಕರವಸ್ತ್ರ ಒಣಗುವಷ್ಟೂ ಗಾಳಿಯಿರಲಿಲ್ಲ. ಸ್ವಲ್ಪ ಹೊತ್ತು ಅವನು ಲಿವರನ್ನು ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಇರುವೆ ಒಂದು ಚೂರನ್ನೂ ಬಿಡದೆ ಗೂಡು ಸೇರಿತು. ಇರುವೆಯೇ ಸಾಕ್ಷಿ ಹೇಳಿದ ಮೇಲೆ ಇನ್ನೇನು ಎಂದು ಅವನು ಬೂಟು ಕಟ್ಟಿಕೊಂಡು ಹೊರಟ.

ಆ ಭಾನುವಾರ ಭಾಮೈದ ಊಟಕ್ಕೆ ಬಂದಿದ್ದ. ಊಟ ಮುಗಿಸಿ ಹದ್ದಣ್ಣ ಸೋಫಾದ ಮೇಲೆ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಆಟ ತೆರೆದ ಮೇಲೆ ಔಷಧಿಯ ನೆನಪಾಯಿತು. ಎರಡೂ ಕಣ್ಣಿಗೆ ಹನಿ ಬಿಟ್ಟುಕೊಂಡು ಮುಚ್ಚಿದ. ಸ್ವಲ್ಪ ಹೊತ್ತು ಮುಚ್ಚಿಕೊಂಡೇ ಇರಬೇಕೆಂದು ಡಾಕ್ಟರು ಹೇಳಿದ್ದರು. ಸುಮ್ಮನಿರಲಾರದ ಬೆರಳು ಯಾವಾಗ ಶುರುವಿನ ಗುಂಡಿ ಒತ್ತಿತೋ ಅವನಿಗೇ ಗೊತ್ತಿಲ್ಲ. ಇರುವೆಯ ಕಾಲಿನ ಟಕಟಕ ಕೇಳಿಸಿತು. ಹೆಬ್ಬೆರಳುಗಳು ಅವುಗಳ ಪಾಡಿಗೆ ಅವು ಆಡತೊಡಗಿದವು. ಅವನು ಮುಂದಿನ ವಾರದ ಕೆಲಸವನ್ನು ಯೋಚಿಸುತ್ತಿದ್ದ. ಟಿಣಿಟಿಣಿ ಎಂದು ಗಂಟೆ ಬಾರಿಸಿದಾಗಲೇ ಎಚ್ಚರವಾದದ್ದು.

‘ಅಪ್ಪ, ಕಣ್ಣು ಮುಚ್ಕೊಂಡು ಗೆದ್ದೆಯಲ್ಲ’ ಎಂದಳು ಮಗಳು. ‘ಅಮ್ಮ, ಇಲ್ಲಿ ಬಾ. ಮಾವ, ನೋಡಿಲ್ಲಿ.’

ಹೆಂಡತಿ ಬಂದಳು, ಭಾಮೈದ ಬಂದ. ಮಗಳು ತನ್ನ ದುಪಟ್ಟಾ ತಂದು ಅವನ ಕಣ್ಣಿಗೆ ಬಿಗಿದಳು. ಇನ್ನೊಂದ್ಸಲ ಎಂದರು. ಇರುವೆ ಗೂಡು ಸೇರಿತು. ಮತ್ತೊಂದ್ಸಲ ಎಂದರು. ಸೇರಿತು. ಹೆಂಡತಿ ಚಪ್ಪಾಳೆ ತಟ್ಟಿ ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

‘ಭಾವ, ನಿಮಗೆ ಕಣ್ಣೇ ಬೇಡ ಬಿಡಿ’ ಎಂದ ಭಾಮೈದ.

ದುಪಟ್ಟಾದ ಹಿಂದೆ ಹದ್ದಣ್ಣನಿಗೆ ಆಗ ಹೊಳೆಯಿತು. ಆಟ ಪ್ರತಿ ಸಲವೂ ಒಂದೇ. ಹನಿ ಬೀಳುವುದು ಅದೇ ಗಳಿಗೆಗೆ, ಹಲ್ಲಿ ಬರುವುದು ಅದೇ ಮೂಲೆಯಿಂದ. ಮತ್ತೆ ಮತ್ತೆ ಆಡಿ ಆಡಿ ಅದು ಬಾಯಿಪಾಠವಾದಂತೆ ಕೈಪಾಠವಾಗಿಬಿಟ್ಟಿತ್ತು. ಇಷ್ಟು ದಿನ ಬೆಳಿಗ್ಗೆ ಪಾಸಾಗುತ್ತಿದ್ದದ್ದು ಅವನ ಕಣ್ಣಲ್ಲ, ಹೆಬ್ಬೆರಳು. ಆ ಹೆಬ್ಬೆರಳನ್ನು ನಂಬಿಕೊಂಡು ಅವನು ಈ ನಗುತ್ತಿರುವವನ ತಲೆಯ ಮೇಲೆ ಕಬ್ಬಿಣ ತೂಗಾಡಿಸಿದ್ದ.

ಕಣ್ಣಿಗೆ ಕಟ್ಟಿದ್ದ ದುಪಟ್ಟಾ ಬಿಚ್ಚಿ, ಆದಷ್ಟು ಸಹಜವಾಗಿ ಕೇಳಿದ. ‘ಇದೇ ಆಟ ಬೇರೆ ಬೇರೆ ಥರ ಬರೋದು ಇದ್ಯೇನೇ?’

‘ಇದೆಯಲ್ಲ. ಒಂದ್ಸಲ ಗೆದ್ದವರಿಗೆ ಕಲಸಿ ಕೊಡುತ್ತೆ. ಯಾವುದು ಎಲ್ಲಿಂದ ಬರುತ್ತೆ ಅಂತ ಗೊತ್ತಾಗಲ್ಲ. ಮೊದಲೇ ತೋರಿಸಿದ್ದೆ, ನೀನೇ ಬೇಡ ಅಂದಿದ್ದೆ’ ಎನ್ನುತ್ತ ಮಗಳು ಎಲ್ಲೋ ಒತ್ತಿ ಕೊಟ್ಟಳು.

ಕಣ್ಣು ಅಗಲಿಸಿ, ಟ್ಯಾಬನ್ನು ಮುಖದ ಹತ್ತಿರ ಹಿಡಿದು ಶುರುಮಾಡಿದ. ಇರುವೆ ನಾಲ್ಕು ಹೆಜ್ಜೆ ಹೋಗುವುದರೊಳಗೆ ಎಲ್ಲಿಂದಲೋ ಹನಿ ಬಿದ್ದು ಸಕ್ಕರೆ ಕರಗಿತು. ಎಲ್ಲರೂ ಅಯ್ಯೋ ಎಂದು ನಕ್ಕರು. ಇನ್ನೊಂದ್ಸಲ. ಹಲ್ಲಿಯ ನಾಲಿಗೆ. ಇನ್ನೊಂದ್ಸಲ. ಮತ್ತೆ ಹನಿ. ‘ಪಾತ್ರೆ ಹಾಗೇ ಬಿದ್ದಿದೆ’ ಎಂದು ಹೆಂಡತಿ ಒಳಗೆ ಹೋದಳು. ನಲ್ಲಿಯ ಸದ್ದು, ಪಾತ್ರೆಯ ಸದ್ದು ಕೇಳತೊಡಗಿತು. ಮಗಳೂ ಅವಳ ಹಿಂದೆಯೇ ಹೋದಳೆಂದು ಅವನು ತಿಳಿದ. ಅವನ ಗಮನ ಇರುವೆಯನ್ನು ಬಿಟ್ಟು ಕದಲಿರಲಿಲ್ಲ. ಎಡಕ್ಕೆ ನೋಡಿದರೆ ಬಲದ್ದು ತಪ್ಪುತ್ತಿತ್ತು, ಇರುವೆಯನ್ನು ನೋಡಿದರೆ ಎಡದ್ದು ಇರುತ್ತಲೇ ಇರಲಿಲ್ಲ. ಒಂದೇ ಒಂದು ಸಲ, ದೇವರೇ, ಒಂದೇ ಒಂದು ಸಲ ಸೇರಿಸಿಬಿಡು ಎಂದು ಒಳಗೊಳಗೇ ಗೋಗರೆದ. ಬೆವರಿಗೆ ಹೆಬ್ಬೆರಳು ಜಾರುತ್ತಿತ್ತು. ಇನ್ನೊಂದ್ಸಲ ಎಂಬ ಮಾತು ಮಗಳ ಬಾಯಲ್ಲಿ ಆಸೆಯ ಮಾತಾಗಿತ್ತು. ಇವನ ಬಾಯಲ್ಲಿ ಅದು ನೀರಲ್ಲಿ ಮುಳುಗುವವನ ಕೂಗಿನ ಹಾಗೆ ಬರುತ್ತಿತ್ತು.

ಹಿಂದೆ ನಿಂತು ನೋಡುತ್ತಿದ್ದ ಭಾಮೈದನ ನಗು ಯಾವಾಗಲೋ ನಿಂತಿತ್ತು. ಅವನು ಮುಂದೆ ಬಂದು ಭಾವನ ಕೈಯಿಂದ ಟ್ಯಾಬನ್ನು ಮೆಲ್ಲಗೆ ಬಿಡಿಸಿಕೊಂಡು ಪಕ್ಕಕ್ಕೆ ಕೊಟ್ಟ.

‘ತಪ್ಪಿದ್ದು ಹೆಚ್ಚಾಗಿ ಎಡಗಡೆದೇ ಭಾವ.’

‘ಹೊಸದಲ್ವಾ, ಅಭ್ಯಾಸ ಇಲ್ಲ.’

‘ಅವತ್ತಿನ ಕೊಳವೆನೂ ಎಡಗಡೆನೇ.’

ಭಾಮೈದ ಎದುರಿನ ಸ್ಟೂಲಿನ ಮೇಲೆ ಕೂತ. ಬೈಯುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಹದ್ದಣ್ಣ ಕಾದ. ಅವನು ಅಂಗೈ ಉಜ್ಜಿಕೊಳ್ಳುತ್ತ, ದಿನದ ಕೆಲಸ ಕೇಳುವ ಧ್ವನಿಯಲ್ಲೇ ಕೇಳಿದ.

‘ನಾಳೆ ನಾನು ಎಲ್ಲಿ ನಿಂತ್ಕೊಳ್ಲಿ ಹೇಳಿ. ಬಲಗಡೆನೇ ನಿಂತ್ಕೋತೀನಿ, ಎಡಗಡೆದು ವಾಕಿಟಾಕಿಯಲ್ಲಿ ಹೇಳ್ತಾ ಇರ್ತೀನಿ. ಅಲ್ಲಿ ಯಾರಿಗೂ ಗೊತ್ತಾಗಲ್ಲ. ನಿಮ್ಮ ಕೈ ಚೆನ್ನಾಗಿದೆಯಲ್ಲ ಭಾವ, ಕಣ್ಣು ನಾನಾಗ್ತೀನಿ.’

ಹೂಂ ಎನ್ನಲು ಹದ್ದಣ್ಣನ ಪ್ರಾಣವೇ ತುದಿಗಾಲಲ್ಲಿ ನಿಂತಿತ್ತು. ಒಂದು ಹೂಂ ಅಂದರೆ ನಾಳೆ ಏಣಿ ಇದೆ, ಗಾಜಿನ ಗೂಡಿದೆ, ಹದ್ದು ಎಂಬ ಹೆಸರಿದೆ. ಅವನಿಗೆ ಅದಷ್ಟೂ ಬೇಕಿತ್ತು. ನಾಚಿಕೆ ಬಿಟ್ಟು ಹೇಳುವುದಾದರೆ, ಬಾಯಿ ತೆರೆದದ್ದು ಹೂಂ ಅನ್ನುವುದಕ್ಕೇ.

‘ಕೆಳಗೆ ನೀನೊಬ್ಬನೇ ಇರ್ತೀಯೇನೋ?’ ಎಂದ.

ಭಾಮೈದ ತಲೆ ತಗ್ಗಿಸಿದ. ಸಿಮೆಂಟ್ ಕಲಸುವವರು, ಸರಳು ಬಗ್ಗಿಸುವವರು, ಊಟದ ಡಬ್ಬಿ ಹಿಡಿದು ಅಡ್ಡ ಹಾಯುವವರು, ಎಲ್ಲರೂ ಇಬ್ಬರ ನಡುವೆ ಬಂದು ನಿಂತಂತಾಯಿತು.

‘ಬೆಳಿಗ್ಗೆ ಸೂಪರ್‌ವೈಸರ್‌ಗೆ ನಾನೇ ಹೇಳ್ತೀನಿ’ ಎಂದ ಹದ್ದಣ್ಣ. ಆಮೇಲೆ ತಡೆಯಲಾಗಲಿಲ್ಲ, ಡಾಕ್ಟರು ಹೇಳಿದ್ದು, ಗೋದಾಮಿನ ಸುಳ್ಳು, ಇನ್ನು ಮೇಲೆ ಉಳಿದದ್ದೂ ಹೋಗಬಹುದೆಂಬುದು, ಎಲ್ಲ ಒಂದೇ ಉಸಿರಿಗೆ ಹೊರಬಂತು. ಅಳಬಾರದೆಂದುಕೊಂಡವನು ಅತ್ತ. ಅಡುಗೆಮನೆಗೆ ಕೇಳಿಸದಿರಲೆಂದು ಧ್ವನಿ ತಗ್ಗಿಸಿದ. ‘ನಿಮ್ಮಕ್ಕನಿಗೆ ರಾತ್ರಿ ನಾನೇ ಹೇಳ್ತೀನಿ. ಮಗೂಗೆ ಮಾತ್ರ ಈಗಲೇ ಬೇಡ ಕಣೋ. ಅವಳಿಗೆ ನಾನು ಕಣ್ಣು ಕಾಣೋ ಅಪ್ಪನಾಗೇ ಸ್ವಲ್ಪ ದಿನ ಇರ್ತೀನಿ.’

ಭಾಮೈದನ ನೋಟ ಭಾವನ ಮುಖದ ಮೇಲಿರಲಿಲ್ಲ, ಸ್ವಲ್ಪ ಪಕ್ಕಕ್ಕಿತ್ತು. ಹದ್ದಣ್ಣ ಅದನ್ನು ಹಿಂಬಾಲಿಸಿ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದ. ಒಂದು ಗೇಣಿನ ದೂರದಲ್ಲಿ, ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು, ಬಾಯಿಗೆ ದುಪಟ್ಟಾ ಒತ್ತಿ ಹಿಡಿದು ಮಗಳು ಕೂತಿದ್ದಳು. ಅವಳು ಆಗಿನಿಂದಲೂ ಅಲ್ಲೇ ಕೂತಿದ್ದಳು.